ಒಂದು ಗಂಟೆಗೆ ಹಿಂದಿರುಗತಕ್ಕದ್ದು

ನಮ್ಮಲ್ಲಿ ಪ್ರವಾಸವೆಂದರೆ ಹತ್ತು ಮಂದಿ ಸೇರಿ ಹೊರಡುವ ಸಂಭ್ರಮ. ಬುತ್ತಿಯ ಡಬ್ಬಿಗಳು, ಕಿಟಕಿಯ ಪಕ್ಕದ ಜಾಗಕ್ಕಾಗಿ ಮಕ್ಕಳ ಜಗಳ, ಕೊನೆಯ ಗಳಿಗೆಯಲ್ಲಿ ಬೀಗದ ಕೈಗಾಗಿ ಹುಡುಕಾಟ, ಇವಿಲ್ಲದೆ ಹೊರಟ ಪ್ರಯಾಣ ಪ್ರಯಾಣವೇ ಅಲ್ಲವೆಂಬುದು ಗೃಹಸ್ಥರ ಮತ. ಒಬ್ಬರೇ ಹೊರಟರೆಂದರೆ ಅದಕ್ಕೊಂದು ಕಾರಣವಿರಬೇಕು: ಆಸ್ಪತ್ರೆಯಲ್ಲಿ ಯಾರಾದರೂ ಮಲಗಿರಬೇಕು, ಕಚೇರಿಯ ಕೆಲಸವಿರಬೇಕು, ಇಲ್ಲವೆ ಮನೆಯಲ್ಲಿ ಮನಸ್ತಾಪವಾಗಿರಬೇಕು. ಇವಾವುವೂ ಇಲ್ಲದೆ, ಬೆಟ್ಟ ಹತ್ತಿ ಬರುತ್ತೇನೆಂದು ಅರುವತ್ತೊಂದು ವರ್ಷದ ಹೆಂಗಸೊಬ್ಬರು ತಾವೇ ಕಾರು ನಡೆಸಿಕೊಂಡು ಮೈಸೂರಿನಿಂದ ಮೂಡಿಗೆರೆಗೆ ಹೊರಟರೆ ಬಂಧುಬಳಗ ಏನೆಂದೀತು?

ಏನೆಂದೀತೋ ಅದನ್ನೆಲ್ಲ ಅಂದಿತು.

ಆಕೆ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಜಮಾನರು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು. ಬೆಟ್ಟದ ಹಂಬಲ ಮೊದಲು ಹುಟ್ಟಿದ್ದು ಆಕೆಯಲ್ಲಲ್ಲ, ಯಜಮಾನರಲ್ಲಿ. 1980ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಪ್ರಕಟವಾದಾಗ ಅವರಿನ್ನೂ ವಿದ್ಯಾರ್ಥಿ. ಹಾರುವ ಓತಿಯನ್ನು ಹುಡುಕಿಕೊಂಡು ಮೂಡಿಗೆರೆಯ ಕಡೆಯ ಕಾಡು ಹೊಕ್ಕವರ ಆ ಕಥೆಯನ್ನು ಅವರು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದರಂತೆ. ಘಟ್ಟದ ಅಂಚಿನಲ್ಲಿ ಒಮ್ಮೆ ನಿಂತು ಕೆಳಗೆ ನೋಡಬೇಕೆಂಬ ಆಸೆ ಅಂದಿನಿಂದ ಅವರ ಬೆನ್ನು ಹತ್ತಿತು. ಮದುವೆಯಾದ ಮೇಲೆ ಆ ಆಸೆಯಲ್ಲಿ ಆಕೆಗೂ ಪಾಲು ದೊರೆಯಿತು. ನಕ್ಷೆ ಹರಡಿಕೊಂಡು ಸ್ಥಳವನ್ನೂ ಆರಿಸಿದರು: ಮೂಡಿಗೆರೆ ತಾಲ್ಲೂಕಿನ ಸುಂಕಸಾಲೆಯ ಮೇಲ್ಗಡೆ, ಹೊಯ್ಸಳ ಬಲ್ಲಾಳರ ಹೆಸರನ್ನು ಹೊತ್ತು ನಿಂತಿರುವ ಬಲ್ಲಾಳರಾಯನ ದುರ್ಗ.

ಆದರೆ ಸಂಸಾರವೆಂಬುದು ಸುಲಭವಾಗಿ ರಜೆ ಕೊಡುವ ಯಜಮಾನನಲ್ಲ. ಒಂದು ವರ್ಷ ಮಗುವಿಗೆ ಜ್ವರ, ಇನ್ನೊಂದು ವರ್ಷ ಮನೆಯ ಸಾಲ. ಆಮೇಲೆ ಮಾವನವರು ಹಾಸಿಗೆ ಹಿಡಿದರು. ಅನಂತರ ಮಗಳ ಪರೀಕ್ಷೆಗಳು ಬಂದವು. ‘ಬರುವ ವರ್ಷ ಖಂಡಿತ’ ಎಂಬ ಮಾತು ಮೂವತ್ತು ವರ್ಷಗಳಿಗೂ ಮೀರಿ ಬಾಳಿತು. ಕೊನೆಗೆ ಬಿಡುವು ಬಂದಾಗ ಮಂಡಿಗಳು ಹೋದವು. ಯಜಮಾನರ ಎರಡು ಮಂಡಿಗಳಿಗೂ ಶಸ್ತ್ರಚಿಕಿತ್ಸೆಯಾಯಿತು. ಸಮನೆಲದಲ್ಲಿ ನಡೆಯಿರಿ, ಬೆಟ್ಟದ ಆಸೆ ಬಿಡಿ ಎಂದು ವೈದ್ಯರು ನಗುತ್ತಲೇ ಹೇಳಿದರು. ಐದಾರು ಗಂಟೆ ಕಾರಿನಲ್ಲಿ ಕಾಲು ಮಡಿಸಿ ಕೂಡುವುದನ್ನೂ ಸದ್ಯಕ್ಕೆ ಬೇಡವೆಂದರು.

ದೀಪಾವಳಿ ಕಳೆದ ಮರುವಾರ, ಸಂಜೆಯ ಕಾಫಿಯ ಹೊತ್ತಿನಲ್ಲಿ ಯಜಮಾನರು ಇದ್ದಕ್ಕಿದ್ದಂತೆ ಹೇಳಿದರು:

“ನೀನು ಹೋಗಿ ಬಾ.”

“ಎಲ್ಲಿಗೆ?”

“ದುರ್ಗಕ್ಕೆ.”

“ನಿಮ್ಮನ್ನು ಬಿಟ್ಟು ನಾನೊಬ್ಬಳೇ ಹೋಗಿ ಏನು ನೋಡಲಿ ಅಂದ್ರೆ!”

“ನನ್ನ ಮಂಡಿಗೆ ಬಂದದ್ದು ನಾಳೆ ನಿನ್ನ ಮಂಡಿಗೂ ಬಂದೀತು. ಇಬ್ಬರೂ ಜೊತೆಯಾಗಿ ಹೋಗೋಣ ಅಂತ ಕಾದು ಕಾದು ಒಬ್ಬನ ಕಾಲು ಹೋಯಿತು. ಇನ್ನೂ ಕಾದರೆ ಇಬ್ಬರದೂ ಹೋಗುತ್ತೆ. ನೀನು ನೋಡಿ ಬಂದು ಹೇಳು. ನಾನು ಕೇಳುತ್ತೇನೆ.”

ಆ ಮಾತಿಗೆ ಆಕೆ ಆ ಸಂಜೆ ಉತ್ತರ ಕೊಡಲಿಲ್ಲ. ಮರುದಿನ ಕಾರಿನ ಚಕ್ರಗಳಿಗೆ ಗಾಳಿ ಹಾಕಿಸಿಕೊಂಡು ಬಂದರು.

ಯಜಮಾನರ ಶುಶ್ರೂಷೆಗೆಂದು ಬಂದಿದ್ದ ನಾದಿನಿ ಗಲ್ಲದ ಮೇಲೆ ಕೈಯಿಟ್ಟರು. “ಕಾಡು, ಕಣಿವೆ, ಆನೆ! ಅತ್ತಿಗೆ, ನಿಮಗೇನಾದರೂ ಹೆಚ್ಚುಕಡಿಮೆ ಆದರೆ ಅಣ್ಣನ ಗತಿಯೇನು?” ಎಂದರು. ಒರಟು ಮಾತಾದರೂ ಸುಳ್ಳು ಮಾತಲ್ಲ. ಒಂಟಿಯಾಗಿ ಹೋಗುವವರ ಅಪಾಯದಲ್ಲಿ ಮನೆಯಲ್ಲಿ ಉಳಿದವರಿಗೂ ಪಾಲಿದೆ. ಆ ಪ್ರಶ್ನೆಗೆ ಉತ್ತರ ದೊರೆತದ್ದು ದೂರದ ಅಮೆರಿಕದಿಂದ.

ಮಗಳು ಇರುವುದು ಅರಿಜೋನಾದಲ್ಲಿ. ಅದು ಮರುಭೂಮಿ, ಕೆಂಪು ಬಂಡೆಯನ್ನು ನದಿಗಳು ಕೊರೆದು ಮಾಡಿದ ಕಣಿವೆಗಳ ನಾಡು. ಕೊಲರಾಡೊ ನದಿ ಕೊರೆದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಆಳ ಒಂದು ಮೈಲಿಗೂ ಹೆಚ್ಚು. ರಜೆ ಬಂದರೆ ಆ ಹುಡುಗಿಯೂ ಕಾರು ಹತ್ತಿ ಒಬ್ಬಳೇ ಆ ಕಡೆ ಹೋಗಿ ಒಂದು ಹಗಲು ನಡೆದು ಬರುವವಳೇ. ಸುದ್ದಿ ಕೇಳಿ ಅವಳು ಹೆದರಲಿಲ್ಲ, ಹೊಗಳಲೂ ಇಲ್ಲ. ಒಂದು ಕಥೆ ಹೇಳಿದಳು. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್ಸ್ಟನ್ ಎಂಬ ತರುಣ ಯೂಟಾ ರಾಜ್ಯದ ಬ್ಲೂಜಾನ್ ಕಣಿವೆಯೊಳಗೆ ಒಬ್ಬನೇ ಇಳಿದ. ಬೆಟ್ಟ ಹತ್ತುವುದರಲ್ಲಿ ನುರಿತವನೇ. ಇಕ್ಕಟ್ಟಿನ ಜಾಗದಲ್ಲಿ ಬಂಡೆಯೊಂದು ಕದಲಿ ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನ ಅವನು ಅಲ್ಲಿಯೇ ನಿಂತ; ಕೊನೆಗೆ ಆ ಕೈಯನ್ನು ತಾನೇ ಕತ್ತರಿಸಿಕೊಂಡು ಬದುಕಿ ಬಂದ.

“ಅವನಿಗೆ ಧೈರ್ಯ ಕಡಿಮೆ ಇತ್ತೇನಮ್ಮ?” ಎಂದಳು ಮಗಳು. “ಎಲ್ಲಿಗೆ ಹೋಗುತ್ತೇನೆ ಅಂತ ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಎರಡನೆಯ ದಿನವೇ ಹುಡುಕಿಕೊಂಡು ಬರುತ್ತಿದ್ದರು. ನೀನು ಹೋಗು, ಆದರೆ ಬರೆದಿಟ್ಟು ಹೋಗು.”

ಆ ರಾತ್ರಿ ಯಜಮಾನರು ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಅದರ ಬೆನ್ನ ಮೇಲೆ ತಮ್ಮ ದುಂಡು ಅಕ್ಷರಗಳಲ್ಲಿ ಬರೆದರು: ಹೋಗುವ ದಾರಿ, ತಂಗುವ ಸ್ಥಳ, ಕಾರಿನ ಸಂಖ್ಯೆ, ಅರಣ್ಯ ಇಲಾಖೆಯ ಕಚೇರಿಯ ದೂರವಾಣಿ. ಬೆಟ್ಟದ ಮೇಲೆ ಫೋನು ಹಿಡಿಯುವ ಭರವಸೆಯಿಲ್ಲದ್ದರಿಂದ, ಸಂಜೆ 6 ಗಂಟೆಯೊಳಗೆ ಕೊಟ್ಟಿಗೆಹಾರದಿಂದ ಮಾತನಾಡುವುದು. ಆರು ಮೀರಿದರೆ ಇಲ್ಲಿಂದ ಇಲಾಖೆಗೆ ತಿಳಿಸುವುದು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದರು: ‘ಎಲ್ಲಿದ್ದರೂ ಸರಿ, ಮಧ್ಯಾಹ್ನ 1 ಗಂಟೆಗೆ ಹಿಂದಿರುಗತಕ್ಕದ್ದು.’

“ಇದೇನು, ಸರ್ಕಾರಿ ಆಜ್ಞೆಯೋ?” ಎಂದು ಆಕೆ ನಕ್ಕರು.

“ಹೌದು. ಮಂಜೂರಾತಿ ಇದೊಂದು ಷರತ್ತಿನ ಮೇಲೆ.”

ಮರುದಿನ ಊಟ ಮುಗಿಸಿ ಆಕೆ ಹೊರಟರು. ಬಿಳಿಕೆರೆ ದಾಟಿ ಹೊಳೆನರಸೀಪುರದ ಸೇತುವೆಗೆ ಬಂದಾಗ ಕೆಳಗೆ ಹೇಮಾವತಿ ಹರಿಯುತ್ತಿತ್ತು. ಕಾರನ್ನು ಬದಿಗೆ ನಿಲ್ಲಿಸಿ ಒಂದು ನಿಮಿಷ ನೋಡಿದರು. ಈ ನದಿ ಮುಂದೆ ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮೈಸೂರಿನ ಕೊಳಾಯಿಗಳಲ್ಲಿ ಬರುವ ನೀರಿನಲ್ಲಿ ಇದರದೂ ಪಾಲುಂಟು. ಇದರ ಹುಟ್ಟು ನಾಳೆ ತಾವು ಹೋಗಲಿರುವ ಬೆಟ್ಟಗಳ ಮಡಿಲಲ್ಲಿ. ಇಷ್ಟು ವರ್ಷ ನದಿ ತಮ್ಮ ಮನೆಯ ಕಡೆ ಬರುತ್ತಿತ್ತು. ಇಂದು ತಾವು ನದಿಯ ಮನೆಯ ಕಡೆ ಹೊರಟಿದ್ದೇನೆಂದು ತೋರಿ ಆಕೆಗೆ ಒಂಟಿತನದ ಭಾರ ಸ್ವಲ್ಪ ಇಳಿಯಿತು.

ಹಾಸನ, ಬೇಲೂರು ಕಳೆದವು. ಬೇಲೂರಿನಾಚೆ ನೆಲ ಬಣ್ಣ ಬದಲಿಸಿತು. ರಾಗಿಯ ಹೊಲ, ಕೆರೆಯ ಏರಿಗಳು ಹಿಂದೆ ಸರಿದು, ದಾರಿಯ ಎರಡು ಬದಿಗೂ ನೆಟ್ಟನೆಯ ಸಿಲ್ವರ್ ಓಕ್ ಮರಗಳು ಎದ್ದು ನಿಂತವು. ಕಾಫಿಯ ತೋಟ ಬಯಲುಸೀಮೆಯ ತೋಟದಂತೆ ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಮರಗಳ ನೆರಳಿನಲ್ಲಿ ಎದೆಯೆತ್ತರದ ಗಿಡಗಳು ತಲೆ ತಗ್ಗಿಸಿ ನಿಂತಿರುತ್ತವೆ. ಮರಗಳ ಮೈಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪರಂಪರೆಯ ಮಾತು. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು.

ನವೆಂಬರ್ ಆದ್ದರಿಂದ ಅರೇಬಿಕ ಗಿಡಗಳಲ್ಲಿ ಹಸಿರು ಕಾಯಿಗಳ ನಡುವೆ ಅಲ್ಲೊಂದು ಇಲ್ಲೊಂದು ಗೊಂಚಲು ಕೆಂಪಾಗಿತ್ತು. ರೊಬಸ್ಟ ಹಣ್ಣಾಗಲು ಇನ್ನೂ ಕಾಲವಿತ್ತು. ಮಾರ್ಚಿ ಏಪ್ರಿಲಿನಲ್ಲಿ ಬೀಳುವ ಹೂಮಳೆಗೆ ಹತ್ತು ದಿನದೊಳಗೆ ಇಡೀ ತೋಟ ಮಲ್ಲಿಗೆಯಂತೆ ಬೆಳ್ಳಗೆ ಅರಳಿ ಘಮಘಮಿಸುತ್ತದೆ. ಆ ಹೂವು ಹಣ್ಣಾಗಲು ಅರೇಬಿಕಕ್ಕೆ ಎಂಟೊಂಬತ್ತು ತಿಂಗಳು. ಹೂಮಳೆ ತಡವಾದರೂ ಕಷ್ಟ. ಹಣ್ಣು ಕೊಯ್ದು ಕಣದಲ್ಲಿ ಹರಡಿದಾಗ ಮಳೆ ಬಂದರೂ ಕಷ್ಟ. ಈ ಬೆಟ್ಟಗಳಲ್ಲಿ ಎಲ್ಲದಕ್ಕೂ ಒಂದು ಹೊತ್ತುಂಟು. ಹೊತ್ತು ಮೀರಿದ್ದಕ್ಕೆ ಬೆಲೆಯಿಲ್ಲ. ಪಾಠ ಹೇಳಿ ಅಭ್ಯಾಸವಾದ ಆಕೆಗೆ ಈ ಮಾತು ಹಿಡಿಸಿತು.

ಆ ರಾತ್ರಿ ಮೂಡಿಗೆರೆಯಲ್ಲಿ ತಂಗಿ, ಬೆಳಕು ಹರಿಯುವಾಗ ಆಕೆ ಕೊಟ್ಟಿಗೆಹಾರದಲ್ಲಿದ್ದರು. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಚಾರ್ಮಾಡಿ ಘಾಟಿಯನ್ನಿಳಿದು ಕರಾವಳಿಗೆ ಹೋದರೆ, ಇನ್ನೊಂದು ಬೆಟ್ಟಗಳ ನಡುವೆ ಕಳಸದ ಕಡೆಗೆ ಹೋಗುತ್ತದೆ. ಸಣ್ಣ ಹೋಟೆಲಿನಲ್ಲಿ ನೀರುದೋಸೆ ಹಾಕುತ್ತಿದ್ದ ಹೆಂಗಸು ಆಕೆಯ ಹಿಂದೆ ಬೇರೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು.

“ಒಬ್ರೇ ಬಂದದ್ದಾ ಅಮ್ಮ?”

“ಹೌದಮ್ಮ. ದುರ್ಗಕ್ಕೆ ಹೋಗಬೇಕು.”

“ಮನೆಯವ್ರು ಬರ್ಲಿಲ್ವಾ?”

“ಅವರಿಗೆ ಮಂಡಿನೋವು. ನೋಡಿ ಬಂದು ಹೇಳು ಅಂದಿದ್ದಾರೆ.”

ದೋಸೆ ಹಾಕುವ ಕೈ ಒಂದು ಕ್ಷಣ ತಡೆಯಿತು. ಮರುಕ್ಷಣ ಬಾಳೆಯೆಲೆಯ ಮೇಲೆ ಕೇಳದಿದ್ದ ಇನ್ನೊಂದು ದೋಸೆ ಬಿತ್ತು. “ಸಂಜೆ ಹೋಗುವಾಗ ಇಲ್ಲಿ ಮುಖ ತೋರ್ಸಿ ಹೋಗಿ ಅಮ್ಮ. ಬರ್ಲಿಲ್ಲ ಅಂದ್ರೆ ನಾನು ಸುಮ್ನೆ ಕೂರೂದಿಲ್ಲ, ನಾಲ್ಕು ಜನಕ್ಕೆ ಹೇಳ್ತೇನೆ” ಎಂದರು. ಯಜಮಾನರ ಕಾಗದದಲ್ಲಿಲ್ಲದ ಒಂದು ಸಾಲು ಹೀಗೆ ಸೇರಿಕೊಂಡಿತು.

ಕಳಸದ ದಾರಿಯಲ್ಲಿ ಬೆಟ್ಟದ ಮೈಮೇಲೆ ಅಲ್ಲಲ್ಲಿ ಉದ್ದುದ್ದನೆಯ ಗಾಯದ ಗುರುತುಗಳು ಕಂಡವು. ಹುಲ್ಲು ಮುಚ್ಚಿದ್ದರೂ ಅವುಗಳ ಆಕಾರ ಮಾಸಿರಲಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಈ ಸೀಮೆಯ ಗುಡ್ಡಗಳು ಜರಿದು, ಮಲೆಮನೆ, ಮಧುಗುಂಡಿ ಮೊದಲಾದ ಊರುಗಳ ಮನೆ ತೋಟಗಳು ಮಣ್ಣುಪಾಲಾದವು. ಚಾರ್ಮಾಡಿಯ ದಾರಿ ತಿಂಗಳುಗಟ್ಟಲೆ ಮುಚ್ಚಿತ್ತು. ಕಲ್ಲು ಕದಲದೆಂದು ನಂಬಿ ಕೈಯಿಟ್ಟವನ ಕಥೆ ಆಕೆಗೆ ನೆನಪಾಯಿತು. ಬೆಟ್ಟವೆಂದರೆ ಸ್ಥಿರವೆಂದು ನಾವು ಮಾತಿಗೆ ಹೇಳುತ್ತೇವೆ. ಬೆಟ್ಟದ ಕೆಳಗೆ ಬಾಳುವವರು ಹಾಗೆ ಹೇಳಲಾರರು.

ಜಾವಳಿಯ ಬಳಿ ಹೇಮಾವತಿಯ ಮೂಲ. ಅಲ್ಲೊಂದು ಚಿಕ್ಕ ಗುಡಿ, ತಂಪು ನೆರಳು, ಬೊಗಸೆಗೆ ನಿಲುಕುವಷ್ಟು ನೀರು. ಹೊಳೆನರಸೀಪುರದಲ್ಲಿ ಸೇತುವೆಯ ಕಮಾನುಗಳನ್ನು ತುಂಬಿ ಹರಿಯುವ ನದಿಯ ಬಾಲ್ಯ ಇಷ್ಟು ಸಣ್ಣದೇ ಎಂದು ಆಕೆ ಬೆರಗಾದರು. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೊರಟರು.

ಸುಂಕಸಾಲೆ ಕಳೆದು ದುರ್ಗದ ಕೆಳಗಿನ ಹಳ್ಳಿಗೆ ಬಂದಾಗ ಎಂಟು ಗಂಟೆ ದಾಟಿತ್ತು. ಅರಣ್ಯದ ಕಾವಲುಗಾರರು ಮುಂಚಿತವಾಗಿ ಪಡೆದಿದ್ದ ಅನುಮತಿ ಪತ್ರವನ್ನು ನೋಡಿ, ಪುಸ್ತಕದಲ್ಲಿ ಹೆಸರು, ವಯಸ್ಸು, ಹೊರಟ ಹೊತ್ತು ಬರೆಸಿಕೊಂಡರು. ವಯಸ್ಸಿನ ಅಂಕಿಯನ್ನು ಎರಡು ಬಾರಿ ನೋಡಿ, “ಮಂಜು ಬಂದ್ರೆ ನಿಂತ್ಬಿಡಿ ಅಮ್ಮ, ನಡೀಬೇಡಿ. ದನ ಹೋದ ದಾರಿ ಹಿಡೀಬೇಡಿ, ಅದು ಹುಲ್ಲು ಇದ್ದ ಕಡೆ ಹೋಗ್ತದೆ, ನೀವು ಹೋಗುವ ಕಡೆ ಹೋಗೂದಿಲ್ಲ” ಎಂದರು.

ಏರು ಆರಂಭವಾಯಿತು. ಮೊದಲು ಮರಗಳ ಕತ್ತಲೆ. ಒದ್ದೆ ತರಗೆಲೆಗಳ ಮೇಲೆ ಇಂಬಳಗಳ ಕಾಟ. ಹೋಟೆಲಿನ ಹೆಂಗಸು ಕಾಗದದಲ್ಲಿ ಕಟ್ಟಿಕೊಟ್ಟಿದ್ದ ಉಪ್ಪು ಇಲ್ಲಿ ಕೆಲಸಕ್ಕೆ ಬಂತು. ಐವತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ, ಹೆಜ್ಜೆಗಳನ್ನು ಲೆಕ್ಕವಿಡುತ್ತ ಆಕೆ ನಡೆದರು. ಅವಸರಪಡಿಸುವವರಿಲ್ಲ, ಕಾಯಬೇಕಾದವರೂ ಇಲ್ಲ. ನಲವತ್ತು ವರ್ಷಗಳ ಸಂಸಾರದಲ್ಲಿ ತಮ್ಮ ಹೆಜ್ಜೆಯ ವೇಗ ತಮಗೇ ತಿಳಿದಿರಲಿಲ್ಲವೆಂಬುದು ಆಕೆಗೆ ಅಂದು ತಿಳಿಯಿತು. ಯಾವಾಗಲೂ ಮಗುವಿನ ಕೈ ಹಿಡಿದೋ, ಅತ್ತೆಯವರ ಹಿಂದೆಯೋ, ಯಜಮಾನರ ಜೊತೆಯೋ ನಡೆದ ನಡಿಗೆ ಅದು.

ಕಾಡು ಥಟ್ಟನೆ ಮುಗಿದು ಹುಲ್ಲುಗಾವಲು ತೆರೆಯಿತು. ಗುಡ್ಡದ ನೆತ್ತಿಯ ಮೇಲೆಲ್ಲ ಹುಲ್ಲು. ಮಡಿಕೆಗಳಲ್ಲಿ ಮಾತ್ರ ಕುಳ್ಳುಮರಗಳ ದಟ್ಟ ಶೋಲಾ ಕಾಡು. ಬರಿಯ ಹುಲ್ಲೆಂದರೆ ಪಾಳು ನೆಲವೆಂದು ತಿಳಿಯುವುದು ಬಯಲಿನವರ ತಪ್ಪು. ಮಳೆಗಾಲದ ನೀರನ್ನು ಈ ಹುಲ್ಲೂ ಶೋಲಾ ಕಾಡಿನ ಮಣ್ಣೂ ಹೀರಿಟ್ಟುಕೊಂಡು, ಬೇಸಗೆಯಲ್ಲಿ ತೊರೆಗಳಿಗೆ ತೊಟ್ಟುತೊಟ್ಟಾಗಿ ಬಿಟ್ಟುಕೊಡುತ್ತವೆ. ಬೆಳಗ್ಗೆ ಬೊಗಸೆಯಲ್ಲಿ ಹಿಡಿದ ಹೇಮಾವತಿ ಇಂಥ ಹುಲ್ಲಿನ ಉಳಿತಾಯವೇ.

ಹತ್ತು ಗಂಟೆಯ ಸುಮಾರಿಗೆ ರಾಣಿಝರಿಯ ಅಂಚು ಬಂದಿತು. ಹಿಂದೆ ರಾಣಿಯೊಬ್ಬಳು ಇಲ್ಲಿಂದ ಧುಮುಕಿದಳೆಂದು ಸುತ್ತಿನವರು ಹೇಳುವ ಕಥೆಯುಂಟು. ಕಥೆಯ ಮಾತು ಹಾಗಿರಲಿ. ಅಲ್ಲಿ ನೆಲ ನಿಜವಾಗಿಯೂ ಮುಗಿಯುತ್ತದೆ. ಒಂದು ಹೆಜ್ಜೆಯವರೆಗೆ ಹುಲ್ಲು, ಮುಂದಿನ ಹೆಜ್ಜೆಗೆ ಗಾಳಿ. ಕಪ್ಪು ಬಂಡೆಯ ಗೋಡೆ ನೆಟ್ಟಗೆ ಕೆಳಗಿಳಿದು ಕಾಡಿನಲ್ಲಿ ಕರಗುತ್ತದೆ. ಅದರಾಚೆ ಬೆಳ್ತಂಗಡಿ ಸೀಮೆಯ ಹಸಿರು ಬಯಲು ಹೊಗೆಯಂತೆ ಹರಡಿರುತ್ತದೆ. ಆಕೆ ಅಂಚಿನಿಂದ ದೂರವೇ ಕುಳಿತು ಬುತ್ತಿ ಬಿಚ್ಚಿದರು. ಮಗಳ ಕಣಿವೆಗಳನ್ನೂ ನೀರೇ ಕೊರೆದದ್ದು, ಈ ಗೋಡೆಯನ್ನೂ ನೀರೇ ತಿದ್ದಿದ್ದು. ಅಲ್ಲಿ ನೀರು ಬಹುಪಾಲು ಗುರುತನ್ನಷ್ಟೇ ಉಳಿಸಿ ಹೋಗಿದೆ. ಇಲ್ಲಿ ಇನ್ನೂ ಕೆಲಸದಲ್ಲಿದೆ.

ಗಣಿತದ ಅಧ್ಯಾಪಕಿಯಲ್ಲವೇ, ಕುಳಿತಲ್ಲಿಯೇ ಆಕೆ ಒಂದು ಲೆಕ್ಕ ಮಾಡಿದರು. ಈ ಬೆಟ್ಟಸಾಲಿನ ಮೂಡಣ ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಯಾಗಿ ಕಾವೇರಿಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಪಡುವಣಕ್ಕೆ ಬಿದ್ದದ್ದು ಬಂಡಾಜೆ ಅರ್ಬಿಯಂತಹ ಅಬ್ಬಿಗಳಲ್ಲಿ ಧುಮುಕಿ, ನೇತ್ರಾವತಿಯಾಗಿ ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಉತ್ತರಕ್ಕೆ ಕಳಸದ ಕಡೆ ಬಿದ್ದದ್ದು ಭದ್ರೆಯ ಪಾಲು. ಅದು ತುಂಗೆಯನ್ನೂ ಕೃಷ್ಣೆಯನ್ನೂ ಕೂಡಿಕೊಂಡು ಆಂಧ್ರದ ಬಯಲಿಗೆ ಹೋಗುತ್ತದೆ. ಒಂದೇ ಮೋಡದ ಮೂರು ಹನಿಗಳು ಒಂದು ಗಾಳಿಯ ಬೀಸಿಗೆ ಮೂರು ನದಿಗಳ ಪಾಲಾಗುತ್ತವೆ. ಈ ಮಾತನ್ನು ಯಜಮಾನರಿಗೆ ಹೇಳಬೇಕೆಂದು ಆಕೆ ಮನಸ್ಸಿನಲ್ಲಿ ಗಂಟು ಹಾಕಿಕೊಂಡರು.

ಹನ್ನೊಂದೂವರೆಗೆ ಕೋಟೆಯ ಕಡೆಗೆ ಏರು ಹಿಡಿದರು. ಬಿಸಿಲು ಚೆನ್ನಾಗಿತ್ತು. ಹನ್ನೆರಡೂವರೆಗೆ ಕಣಿವೆಯೊಳಗಿಂದ ಬಿಳಿಯ ಸುರುಳಿಯೊಂದು ಮೇಲೆದ್ದಿತು, ನೋಡಲು ಸೊಗಸಾಗಿತ್ತು. ಐದು ನಿಮಿಷದಲ್ಲಿ ಆ ಸೊಗಸು ಬೆಟ್ಟವನ್ನೂ ದಾರಿಯನ್ನೂ ನುಂಗಿ, ಆಕೆಯ ಕೈಯ ಕೋಲಿನ ತುದಿಯವರೆಗೆ ಬಂದು ನಿಂತಿತು.

ಕಾವಲುಗಾರರ ಮಾತು ನೆನಪಿತ್ತು. ಆದರೂ, ದಾರಿ ಕಾಲ ಕೆಳಗೇ ಇದೆಯಲ್ಲ ಎಂದು ಆಕೆ ನಾಲ್ಕು ಹೆಜ್ಜೆ ನಡೆದರು, ನಾಲ್ಕು ನಲವತ್ತಾಯಿತು. ಕಾಲುದಾರಿ ಮೆಲ್ಲನೆ ಇಳಿಯತೊಡಗಿತು. ಕೋಟೆಯ ದಾರಿ ಏರಬೇಕಲ್ಲದೆ ಇಳಿಯಬಾರದು. ಬಗ್ಗಿ ನೋಡಿದರು: ಮಣ್ಣಿನಲ್ಲಿ ಗೊರಸಿನ ಗುರುತು. ಅದೇ ಹೊತ್ತಿಗೆ ಕೆಳಗಿನಿಂದ ಮುಖಕ್ಕೆ ತಣ್ಣನೆಯ ಗಾಳಿ ಹೊಡೆಯಿತು. ಗಾಳಿ ಕೆಳಗಿನಿಂದ ಮೇಲಕ್ಕೆ ಬರುತ್ತಿದೆಯೆಂದರೆ ಮುಂದೆ ನೆಲವಿಲ್ಲವೆಂದು ಅರ್ಥ.

ಆಕೆ ಇದ್ದಲ್ಲಿಯೇ ಕುಳಿತುಬಿಟ್ಟರು. ಎದೆಯ ಬಡಿತ ಕಿವಿಗೆ ಕೇಳಿಸಿತು. ಕೂಗಿದರೆ ಕೇಳುವವರಿರಲಿಲ್ಲ; ಫೋನಿನಲ್ಲಿ ಜೀವವಿರಲಿಲ್ಲ. ಆ ಮಂಜಿನಲ್ಲಿ ಆಕೆಯ ಕಣ್ಣಿಗೆ ಬಂದದ್ದು ಕೋಟೆಯಲ್ಲ, ರಾಣಿಯ ಕಥೆಯೂ ಅಲ್ಲ. ಮೈಸೂರಿನ ಮನೆಯ ಪಡಸಾಲೆಯಲ್ಲಿ, ಫೋನಿನ ಪಕ್ಕದ ಕುರ್ಚಿಯಲ್ಲಿ, ಕಾಲು ನೀಡಿ ಕುಳಿತ ಒಬ್ಬ ಮನುಷ್ಯ. ಅವರಿಗೆ ಏಳುವುದಕ್ಕೂ ಆಸರೆ ಬೇಕು.

ಇಪ್ಪತ್ತು ನಿಮಿಷ ಹಾಗೆಯೇ ಕಳೆಯಿತು. ಬಂದಂತೆಯೇ ಮಂಜು ಒಮ್ಮೆ ಹರಿಯಿತು. ಎಡಕ್ಕೆ ಮೇಲ್ಗಡೆ ಜನ ನಡೆದು ಸವೆದ ನಿಜವಾದ ದಾರಿ ಕಂಡಿತು. ಅದರ ತುದಿಯಲ್ಲಿ, ಇಷ್ಟೇ ಮೇಲೆ, ಪಾಚಿ ಹಿಡಿದ ಕಲ್ಲಿನ ಗೋಡೆ! ಮೂವತ್ತು ವರ್ಷ ಮಾತಿನಲ್ಲಿಯೇ ಇದ್ದ ಕೋಟೆ ಬೆಳಕಿನಲ್ಲಿ ನಿಂತಿತ್ತು. ಹೆಚ್ಚೆಂದರೆ ಹದಿನೈದು ನಿಮಿಷದ ಏರು. ಆಕೆ ದಾರಿಗೆ ಬಂದು ಗಡಿಯಾರ ನೋಡಿದರು. ಒಂದಕ್ಕೆ ಎರಡು ನಿಮಿಷ.

ಹದಿನೈದು ನಿಮಿಷವೆಂದರೆ ಏನು ಮಹಾ! ಹೋಗಿ ಮುಟ್ಟಿ ಬಂದರೆ ಅರ್ಧ ಗಂಟೆ. ಅಷ್ಟಕ್ಕೆ ಯಾರೂ ಆಕ್ಷೇಪಿಸರು; ಯಾರಿಗೂ ತಿಳಿಯುವುದೂ ಇಲ್ಲ. ಜೊತೆಯಲ್ಲಿ ಇನ್ನೊಬ್ಬರಿದ್ದಿದ್ದರೆ ‘ನಡೆಯಿರಿ, ನೋಡೇ ಬಿಡೋಣ’ ಎಂದಾಗಲಿ, ‘ಸಾಕು ಬನ್ನಿ’ ಎಂದಾಗಲಿ ಹೇಳುತ್ತಿದ್ದರು. ಒಂಟಿಯಾಗಿ ಹೋದವರಿಗೆ ಎರಡು ಮಾತನ್ನೂ ತಾವೇ ಆಡಿಕೊಂಡು, ತೀರ್ಪನ್ನೂ ತಾವೇ ಕೊಡಬೇಕು. ಅದೇ ಒಂಟಿ ಪ್ರಯಾಣದ ಕಷ್ಟ. ಬಹುಶಃ ಅದರ ಪ್ರಯೋಜನವೂ ಅದೇ. ‘ಎಲ್ಲಿದ್ದರೂ ಸರಿ’ ಎಂದು ಬರೆದವರು ಈ ಗಳಿಗೆಯನ್ನು ಮೊದಲೇ ಕಂಡಿದ್ದರೇನೋ. ಕೆಳಗಿದ್ದಾಗ ಶಾಂತವಾದ ಮನಸ್ಸಿನಿಂದ ಕೊಟ್ಟ ಮಾತನ್ನು ಮೇಲೆ ಬಂದು ಆಸೆಯ ಮನಸ್ಸಿನಿಂದ ತಿದ್ದಬಾರದು.

ಆಕೆ ಕೋಟೆಗೆ ಕೈಮುಗಿದರು. ಒಂದು ಗಂಟೆಗೆ ಸರಿಯಾಗಿ ಬೆನ್ನು ತಿರುಗಿಸಿದರು.

ಇಳಿಯುವಾಗ ಮಂಜು ಎರಡು ಬಾರಿ ಮತ್ತೆ ಕವಿಯಿತು. ಎರಡು ಬಾರಿಯೂ ನಿಂತರು, ನಡೆಯಲಿಲ್ಲ. ಮೂರರ ಹೊತ್ತಿಗೆ ಮಳೆಯೂ ಹಿಡಿಯಿತು. ಕಾಡಿನೊಳಗೆ ಒಮ್ಮೆ ಜಾರಿ ಬಿದ್ದು ಅಂಗೈ ತರಚಿತು. ಕಾವಲಿನ ಗುಡಿಸಲು ಮುಟ್ಟಿದಾಗ ನಾಲ್ಕೂವರೆ. ಹೋಗುವಾಗ ಅಂದುಕೊಂಡದ್ದಕ್ಕಿಂತ ಬರುವಾಗ ಒಂದು ಗಂಟೆ ಹೆಚ್ಚಾಗಿತ್ತು. ಆ ಅರ್ಧ ಗಂಟೆಯನ್ನು ಕೋಟೆಗೆ ಕೊಟ್ಟಿದ್ದರೆ ಮಳೆಯನ್ನು ಹುಲ್ಲಿನ ಜಾರಿನಲ್ಲಿಯೇ ಎದುರಿಸಬೇಕಾಗುತ್ತಿತ್ತು. ಅಲ್ಲಿಂದ ಮುಂದಿನ ಕಾಡಿನ ಕತ್ತಲೆಯನ್ನೂ. ಕಾವಲುಗಾರರು ಪುಸ್ತಕ ತೆರೆದಿಟ್ಟುಕೊಂಡು ಬಾಗಿಲಲ್ಲಿಯೇ ನಿಂತಿದ್ದರು. “ಐದಾದ್ರೆ ನಾವೇ ಹತ್ತುವವರಿದ್ದೆವು” ಎಂದಷ್ಟೇ ಹೇಳಿ ಹೆಸರಿನ ಮುಂದೆ ಹಿಂದಿರುಗಿದ ಹೊತ್ತನ್ನು ಬರೆದುಕೊಂಡರು.

ಕೊಟ್ಟಿಗೆಹಾರದಲ್ಲಿ ಕಾರು ನಿಂತಾಗ ಐದೂ ಮುಕ್ಕಾಲು. ಹೋಟೆಲಿನ ಹೆಂಗಸು ಒಳಗಿನಿಂದಲೇ ನೋಡಿ, ಏನೂ ಕೇಳದೆ ಬಿಸಿ ಕಾಫಿಯ ಲೋಟ ತಂದು ಮುಂದಿಟ್ಟರು. ಅದನ್ನು ಮುಟ್ಟುವ ಮೊದಲು ಆಕೆ ಫೋನು ಮಾಡಿದರು. ಗಂಟೆ ಪೂರ್ತಿ ಒಂದು ಸಲ ಬಾರಿಸಲೂ ಇಲ್ಲ.

“ಬಂದೆಯಾ?”

“ಬಂದೆ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಈ ಕಡೆಯಿಂದಲೂ ಬರಲಿಲ್ಲ.

ಮರುದಿನ ಮಧ್ಯಾಹ್ನ ಮನೆಗೆ ಬಂದಾಗ ಗುಟ್ಟು ಒಡೆದವರು ನಾದಿನಿ. ಅಣ್ಣ ಒಂದು ಗಂಟೆಗೆ ಗಡಿಯಾರ ನೋಡಿ ‘ಈಗ ತಿರುಗಿರುತ್ತಾಳೆ’ ಎಂದರಂತೆ. ಆಮೇಲೆ ಬಡಿಸಿದ ತಟ್ಟೆ ಆರಿತು. ಐದೂವರೆಯಿಂದ ಅರಣ್ಯ ಕಚೇರಿಯ ಸಂಖ್ಯೆಯ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರಂತೆ.

“ಸರಿ, ಹೇಳು. ಕೋಟೆಯ ಮೇಲಿನಿಂದ ಏನು ಕಂಡಿತು?” ಎಂದರು ಯಜಮಾನರು.

“ಕೋಟೆಯ ಮೇಲೆ ಹೋಗಲಿಲ್ಲ. ಗೋಡೆಯವರೆಗೆ ಇನ್ನು ಕಾಲು ಗಂಟೆ ಇತ್ತು. ಒಂದು ಹೊಡೆಯಿತು, ತಿರುಗಿದೆ.”

“ಅಷ್ಟು ದೂರ ಹೋಗಿ ಕೋಟೆ ನೋಡದೆ ಬಂದಿರಾ ಅತ್ತಿಗೆ!” ಎಂದು ನಾದಿನಿ ಮರುಗಿದರು.

ಯಜಮಾನರು ಮರುಗಲಿಲ್ಲ. ಹೆಂಡತಿಯ ತರಚಿದ ಅಂಗೈಯನ್ನು ತಿರುಗಿಸಿ ನೋಡಿದರು. ಆಮೇಲೆ ಆಕೆ ನೀರುದೋಸೆಯಿಂದ ಹಿಡಿದು ಗೊರಸಿನ ಗುರುತಿನವರೆಗೆ, ಮೂರು ಹನಿಗಳ ಲೆಕ್ಕದಿಂದ ಮಂಜಿನ ಇಪ್ಪತ್ತು ನಿಮಿಷದವರೆಗೆ, ಒಂದನ್ನೂ ಬಿಡದೆ ಹೇಳಿದರು. ಹೆದರಿಕೆಯಾದದ್ದನ್ನೂ ಬಚ್ಚಿಡಲಿಲ್ಲ. ಸಂಜೆಯ ಕಾಫಿಯ ಹೊತ್ತು ದಾಟಿದ್ದು ಮೂವರಿಗೂ ತಿಳಿಯಲಿಲ್ಲ.

ಮಾತು ಮುಗಿದ ಮೇಲೆ ಯಜಮಾನರು ಆ ಕ್ಯಾಲೆಂಡರಿನ ಹಾಳೆಯನ್ನು ತೆಗೆದುಕೊಂಡು, ಉತ್ತರಪತ್ರಿಕೆ ತಿದ್ದುವ ಹಳೆಯ ಅಭ್ಯಾಸದಂತೆ ಕೆಂಪು ಪೆನ್ನಿನಿಂದ ಒಂದೊಂದು ಸಾಲಿಗೂ ಗುರುತು ಹಾಕಿದರು. ‘ಬಲ್ಲಾಳರಾಯನ ದುರ್ಗ’ ಎಂಬ ಸಾಲಿನ ಮುಂದೆ ಮಾತ್ರ ಖಾಲಿ ಬಿಟ್ಟರು. ‘ಒಂದು ಗಂಟೆಗೆ ಹಿಂದಿರುಗತಕ್ಕದ್ದು’ ಎಂಬುದರ ಮುಂದೆ ಎರಡು ಗುರುತು ಬಿದ್ದವು.

ಹಾಳೆಯನ್ನು ನಾಲ್ಕಾಗಿ ಮಡಿಸಿ, ಕಪಾಟಿನಿಂದ ಅಂಚು ಸವೆದ ‘ಕರ್ವಾಲೊ’ ತೆಗೆದು ಅದರೊಳಗಿಟ್ಟರು.

“ಒಂದು ಸಾಲು ಬಾಕಿ ಇದೆ” ಎಂದರು.

“ಇರಲಿ ಬಿಡಿ. ಬರುವ ವರ್ಷ ಇನ್ನೂ ಬೇಗ ಹೊರಟರಾಯಿತು” ಎಂದು ಹೇಳಿ ಆಕೆ ಕಾಫಿಗೆ ನೀರಿಡಲು ಒಳಗೆ ಹೋದರು.